ಅಕ್ಷರಕ್ಕೂ ಒಂದು ತವರುಮನೆ ಇದೆ

‘ಅಕ್ಷರ ಯಾವುದಾದರೇನು, ಓದುವುದಕ್ಕೆ ಬಂದರೆ ಸಾಲದೆ?’ ಎನ್ನುವ ಮಾತನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೀಗೆ ಕೇಳುವವರು ಓದುಬರಹ ಬಾರದವರಲ್ಲ. ಪದವಿ ಪಡೆದವರು, ಸಂಘ ಸಂಸ್ಥೆ ನಡೆಸುವವರು, ಕನ್ನಡ ರಾಜ್ಯೋತ್ಸವಕ್ಕೆ ಚಂದಾ ಎತ್ತುವವರು. ಇವರ ಮನೆಯ ಹೆಂಗಸರ ಮುಂದೆ ‘ಸೀರೆ ಯಾವುದಾದರೇನು, ಮೈ ಮುಚ್ಚಿದರೆ ಸಾಲದೆ?’ ಎಂದು ಒಮ್ಮೆ ಹೇಳಿ ನೋಡಲಿ. ಆ ದಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ನಾವು ಹೆಂಗಸರು ಸೀರೆಯ ವಿಷಯದಲ್ಲಿ ಎಂಥ ಪಂಡಿತರು ಎನ್ನುವುದು ನಮಗೇ ಗೊತ್ತಿಲ್ಲ. ಸೆರಗಿನಲ್ಲಿ ಟೋಪಿ ತೆನೆ ಕಂಡರೆ ಇಳಕಲ್ಲಿನದು ಎನ್ನುತ್ತೇವೆ. ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸಿದ್ದಾರೋ ಇಲ್ಲವೋ ಎಂದು ಬೆರಳಾಡಿಸಿ ನೋಡುತ್ತೇವೆ. ಅಂಚನ್ನು ತಿರುಗಿಸಿ, ಇದು ಕೈಮಗ್ಗದ್ದು, ಇದು ಮಿಲ್ಲಿನದು ಎಂದು ತೀರ್ಪು ಕೊಡುತ್ತೇವೆ. ಅಂಗಡಿಯವನು ನೂರು ಆಣೆ ಇಟ್ಟರೂ ಆ ತೀರ್ಪು ಬದಲಾಗುವುದಿಲ್ಲ. ಇದೇ ಕಣ್ಣನ್ನು ಅಕ್ಷರದ ಮೇಲೂ ಇಡೋಣ ಎನ್ನುವುದು ನನ್ನ ವಾದ. ಇದನ್ನು ಹವ್ಯಾಸಕ್ಕಾಗಿ ಹೇಳುತ್ತಿಲ್ಲ. ಎಲ್ಲರಿಗೂ ಸೇರಿದ್ದು ಎಂದು ಹೇಳಿಕೊಳ್ಳುವ ಯಾವುದೇ ಕೆಲಸದ ಲಾಂಛನವನ್ನು ಯಾರು ಬೇಕಾದರೂ ತಪ್ಪಿಲ್ಲದೆ ಮತ್ತೆ ಬರೆಯುವಂತಿರಬೇಕು. ಹಾಗೆ ಬರೆಯಬೇಕಾದರೆ ಅದರಲ್ಲಿರುವ ಅಕ್ಷರದ ತವರು ಯಾವುದು ಎಂದು ಮೊದಲು ತಿಳಿದಿರಬೇಕು.

ವಿಕಿಪೀಡಿಯದ ಲಾಂಛನವನ್ನೇ ತೆಗೆದುಕೊಳ್ಳಿ. ಮಕ್ಕಳ ಶಾಲೆಯ ಪ್ರಾಜೆಕ್ಟಿಗೆಂದು ಅದನ್ನು ತೆರೆಯದ ಮನೆ ಈಗ ಪೇಟೆಯಲ್ಲಿ ಇಲ್ಲ. ಒಗಟಿನ ತುಂಡುಗಳನ್ನು ಜೋಡಿಸಿ ಮಾಡಿದ, ನೆತ್ತಿಯಲ್ಲಿ ಕೆಲವು ತುಂಡುಗಳನ್ನು ಇನ್ನೂ ಕೂಡಿಸದೆ ಬಿಟ್ಟ ಬೂದು ಬಣ್ಣದ ಗೋಳ. ತುಂಡುಗಳ ಮೇಲೆ ಜಗತ್ತಿನ ಬೇರೆ ಬೇರೆ ಲಿಪಿಗಳ ಅಕ್ಷರಗಳು. ಕಣ್ಣು ಕಿರಿದು ಮಾಡಿ ನೋಡಿದರೆ ಅಲ್ಲಿ ನಮ್ಮ ಕನ್ನಡದ ‘ವಿ’ ಕೂಡ ಇದೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಗೋಳದ ಲಾಂಛನ ಬಂದದ್ದೂ ಅದೇ ವರ್ಷ. ಪಾಲ್ ಸ್ಟಾನ್ಸಿಫರ್ ಎಂಬ ಹುಡುಗನ ಕಲ್ಪನೆಯನ್ನು ಡೇವಿಡ್ ಫ್ರೀಡ್‌ಲ್ಯಾಂಡ್ ಎಂಬುವರು ತಿದ್ದಿ ಈ ರೂಪಕ್ಕೆ ತಂದರು.

ಒಳ್ಳೆಯದೇ. ಆದರೆ ಆ ಮೊದಲ ಗೋಳದಲ್ಲಿ ತಪ್ಪುಗಳಿದ್ದವು. ದೇವನಾಗರಿಯ ‘ವಿ’ಯಲ್ಲಿ ಇಕಾರದ ಗುರುತು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಜಪಾನಿ ಅಕ್ಷರವೂ ತಪ್ಪಾಗಿತ್ತು. 2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನೇ ಒಂದು ವರದಿ ಮಾಡಿತು. ಯಾರು ಬೇಕಾದರೂ ತಿದ್ದಬಹುದು ಎನ್ನುವ ವಿಶ್ವಕೋಶದಲ್ಲಿ ಯಾರೂ ತಿದ್ದಲಾಗದೆ ಉಳಿದದ್ದು ಅದರ ಹಣೆಯ ಮೇಲಿನ ತಪ್ಪು! ಸರಿಯಾದ ಗೋಳ ಬಂದದ್ದು 2010ರ ಮೇ ತಿಂಗಳಲ್ಲಿ. ಏಳು ವರ್ಷ. ಇನ್ನೊಂದು ಸಂಗತಿ ಕೇಳಿ. ಹಳೆಯ ಗೋಳದಲ್ಲಿ ಕ್ಲಿಂಗನ್ ಎಂಬ ಲಿಪಿಗೂ ಒಂದು ತುಂಡು ಸಿಕ್ಕಿತ್ತು. ಅದು ಯಾವ ದೇಶದ್ದು ಎಂದು ಭೂಪಟದಲ್ಲಿ ಹುಡುಕಬೇಡಿ. ಅಮೆರಿಕದ ಟಿ.ವಿ. ಧಾರಾವಾಹಿಯೊಂದರ ಕಲ್ಪಿತ ಜನಾಂಗದ್ದು. 2010ರಲ್ಲಿ ಅದನ್ನು ತೆಗೆದು ಇಥಿಯೋಪಿಯದ ಗೀಜ್ ಲಿಪಿಯ ಅಕ್ಷರವನ್ನು ಕೂರಿಸಿದರು. ಅಲ್ಲಿಯವರೆಗೆ ಇಥಿಯೋಪಿಯದ ತಾಯಂದಿರು ತಮ್ಮ ಮಕ್ಕಳಿಗೆ ಕಲಿಸುವ ಅಕ್ಷರಕ್ಕಿಂತ ಟಿ.ವಿ.ಯ ಅಕ್ಷರವೇ ದೊಡ್ಡದಾಗಿತ್ತು.

ಅಕ್ಷರವನ್ನು ಬರಿಯ ಚಿತ್ರ ಎಂದುಕೊಂಡವರಿಂದ ಇಂಥದು ಆಗುತ್ತದೆ. ಓದಬಲ್ಲವರನ್ನು ಕರೆದು ‘ಇದು ಸರಿಯಿದೆಯೇ, ತಾಯಿ?’ ಎಂದು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು.

ಈಗ ಮತ್ತೆ ಬರೆಯುವ ಮಾತಿಗೆ ಬರೋಣ. ಕಂಪ್ಯೂಟರಿನಲ್ಲಿ ಚಿತ್ರ ಎರಡು ಬಗೆ. ಒಂದು ಬಣ್ಣದ ಚುಕ್ಕೆಗಳನ್ನು ಒತ್ತೊತ್ತಾಗಿ ತುಂಬಿ ಮಾಡಿದ್ದು. ನಮ್ಮ ಫೋಟೋಗಳೆಲ್ಲ ಹೀಗೆ. ಇನ್ನೊಂದು ವೆಕ್ಟರ್. ಇದು ಅರ್ಥವಾಗಬೇಕಾದರೆ ಎಂಜಿನಿಯರಿಂಗ್ ಓದಬೇಕಿಲ್ಲ, ಬೆಳಿಗ್ಗೆ ಎದ್ದು ಬಾಗಿಲು ಸಾರಿಸಿದ್ದರೆ ಸಾಕು. ಅಂಗಡಿಯಲ್ಲಿ ಸಿಗುವ ಸ್ಟಿಕ್ಕರ್ ರಂಗೋಲಿ ಮೊದಲನೆಯ ಬಗೆಯದು. ಅದು ಎಷ್ಟು ದೊಡ್ಡದಿದೆಯೋ ಅಷ್ಟೇ. ಎಳೆದು ಹಿಗ್ಗಿಸಿದರೆ ಹರಿಯುತ್ತದೆ. ಚುಕ್ಕಿ ರಂಗೋಲಿ ಎರಡನೆಯ ಬಗೆ. ‘ಸಂದು ಚುಕ್ಕಿ, 15ರಿಂದ 8’ ಎಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಅದೇ ರಂಗೋಲಿಯನ್ನು ತುಳಸಿಕಟ್ಟೆಯ ಮುಂದೆ ಗೇಣುದ್ದಕ್ಕೆ ಬಿಡಬಹುದು, ರಥಬೀದಿಯಲ್ಲಿ ಹತ್ತು ಮಾರಿಗೂ ಬಿಡಬಹುದು. ಲೆಕ್ಕ ಅದೇ, ಗೆರೆಯ ಬಾಗು ಅದೇ.

ವೆಕ್ಟರ್ ಚಿತ್ರವೂ ಚುಕ್ಕಿ ಮತ್ತು ಬಾಗಿನ ಲೆಕ್ಕವೇ. ಗೆರೆಯ ಎರಡು ತುದಿಗೆ ಎರಡು ಚುಕ್ಕಿ, ಅದು ಯಾವ ಕಡೆಗೆ ಎಷ್ಟು ಬಾಗಬೇಕು ಎಂದು ಹೇಳುವುದಕ್ಕೆ ಇನ್ನೆರಡು ಚುಕ್ಕಿ. ಈ ಬಾಗುಗೆರೆಗಳಿಗೆ ಬೆಜಿಯೆ ಗೆರೆ ಎಂದು ಹೆಸರು. 1960ರ ದಶಕದಲ್ಲಿ ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯೆರ್ ಬೆಜಿಯೆ ಕಾರಿನ ಮೈಯ ಉಬ್ಬುತಗ್ಗುಗಳನ್ನು ರೂಪಿಸಲು ಇದನ್ನು ಬಳಕೆಗೆ ತಂದ. ಇಂದು ಕಂಪ್ಯೂಟರಿನ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಇಂಥ ಬಾಗುಗೆರೆಗಳಿಂದಲೇ ಆಗಿವೆ. ಅಂದರೆ ಒಳ್ಳೆಯ ಫಾಂಟ್ ಎಂದರೆ ಒಂದು ಚುಕ್ಕಿ ಪುಸ್ತಕ. ಅಕ್ಷರದ ಲೆಕ್ಕವನ್ನು ಯಾರೋ ಪುಣ್ಯಾತ್ಮರು ಕೂತು, ಕಣ್ಣು ನೋಯಿಸಿಕೊಂಡು, ಮೊದಲೇ ಬರೆದಿಟ್ಟಿದ್ದಾರೆ. ಆ ಪುಸ್ತಕದ ಹೆಸರು ಗೊತ್ತಾದರೆ ಲಾಂಛನದ ಅಕ್ಷರಗಳನ್ನು ಮತ್ತೆ ಬರೆಯುವುದು ಅರ್ಧ ಗಂಟೆಯ ಕೆಲಸ. ಗೊತ್ತಿಲ್ಲದಿದ್ದರೆ ಸ್ಟಿಕ್ಕರನ್ನು ಎಳೆದು ಹಿಗ್ಗಿಸುವುದೇ ಗತಿ.

ಹಿಗ್ಗಿಸಿದರೆ ಏನಾಗುತ್ತದೆ ಎನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಊರಿನ ಕಾಲೇಜೊಂದರಲ್ಲಿ ಹುಡುಗಿಯರಿಗೆ ಕನ್ನಡ ವಿಕಿಪೀಡಿಯದಲ್ಲಿ ಬರೆಯುವುದನ್ನು ಹೇಳಿಕೊಡುವ ಒಂದು ದಿನದ ಕಾರ್ಯಕ್ರಮ ಇಟ್ಟಿದ್ದರು. ಲಾಂಛನದ ಮೂಲ ಕಡತ ಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ, ಅದನ್ನೇ ಬಳಸಿ ಎಂದು ಬ್ಯಾನರ್ ಅಂಗಡಿಯವರಿಗೆ ಹೇಳಿದ್ದೂ ಆಗಿತ್ತು. ಅವರು ಮೊಬೈಲಿನಲ್ಲಿ ಸಿಕ್ಕ ಹೆಬ್ಬೆರಳಿನಷ್ಟು ಚಿತ್ರವನ್ನು ಹತ್ತು ಅಡಿಗೆ ಎಳೆದಿದ್ದರು. ಗೋಳ ಹೋಗಿ ಸೀದ ರೊಟ್ಟಿಯಾಗಿತ್ತು. ‘ಅಕ್ಕಾ, ಜೆಪೆಗ್ ಅಲ್ವಾ, ಪಿಕ್ಸೆಲ್ ಒಡೆಯುತ್ತೆ, ದೂರದಿಂದ ಗೊತ್ತಾಗಲ್ಲ ಬಿಡಿ’ ಎಂದು ಸಮಾಧಾನ ಬೇರೆ. ಕೆಳಗಿನ ಹೆಸರನ್ನು ಮಾತ್ರ ‘ಟ್ರೇಸ್’ ಮಾಡಿ ಚೊಕ್ಕ ಮಾಡಿದ್ದೇವೆ ಎಂದರು. ಓದಿದರೆ ‘ವಿಕಿವೀಡಿಯ’!

ಇದು ಆ ಹುಡುಗರ ಕೈತಪ್ಪು ಎಂದು ಬಿಟ್ಟುಬಿಡುವ ಹಾಗಿಲ್ಲ, ಆ ವಿಧಾನದ್ದೇ ತಪ್ಪು. ಇಂಕ್‌ಸ್ಕೇಪಿನಂಥ ತಂತ್ರಾಂಶಗಳಲ್ಲಿ ಚಿತ್ರವನ್ನು ಕೊಟ್ಟರೆ ತಾನೇ ಗೆರೆ ಎಳೆದುಕೊಡುವ ಸೌಲಭ್ಯವಿದೆ. ಹೂವಿಗೆ, ಬಳ್ಳಿಗೆ ಅದು ಸರಿ. ಆದರೆ ಯಂತ್ರಕ್ಕೆ ಅಕ್ಷರ ತಿಳಿಯದು, ಕಪ್ಪು ಎಲ್ಲಿ ಮುಗಿದು ಬಿಳಿ ಎಲ್ಲಿ ಶುರುವಾಯಿತು ಎನ್ನುವುದಷ್ಟೇ ತಿಳಿಯುತ್ತದೆ. ಮಸುಕಾದ ಚಿತ್ರದಲ್ಲಿ ಮೂಲೆಗಳೆಲ್ಲ ಸವೆದು ದುಂಡಗಾಗುತ್ತವೆ, ನೇರವಾಗಿರಬೇಕಾದ ಗೆರೆ ನಡುಗುತ್ತದೆ, ಹತ್ತು ಚುಕ್ಕಿಯಲ್ಲಿ ಮುಗಿಯುವ ಬಾಗಿಗೆ ನೂರು ಚುಕ್ಕಿ ಬಂದು ಕೂರುತ್ತವೆ. ಇಂಗ್ಲಿಷಿಗೆ ಇದರಿಂದ ಅಂದ ಕೆಡಬಹುದು. ಕನ್ನಡಕ್ಕೆ ಅರ್ಥವೇ ಕೆಡುತ್ತದೆ. ನಮ್ಮ ‘ಪ’ಕ್ಕೂ ‘ವ’ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಬಿಡುವು. ಆ ಬಿಡುವು ಮುಚ್ಚಿಹೋದರೆ ‘ಪಿ’ ಹೋಗಿ ‘ವಿ’ ಆಗುತ್ತದೆ. ‘ಪ’, ‘ಷ’, ‘ಫ’ಗಳನ್ನು ಬೇರೆ ಮಾಡುವುದೂ ಒಂದು ಸಣ್ಣ ಗೀಟು. ಇಂಥ ಸೂಕ್ಷ್ಮವಾದ ಲಿಪಿಯನ್ನು ಇಟ್ಟುಕೊಂಡು ‘ದೂರದಿಂದ ಗೊತ್ತಾಗಲ್ಲ’ ಎನ್ನುವುದು ಉಪ್ಪಿಲ್ಲದ ಸಾರನ್ನು ಬಡಿಸಿ ‘ಬಿಸಿಯಾಗಿದೆ, ಊಟ ಮಾಡಿ’ ಎಂದ ಹಾಗೆ.

ಹಾಗಾದರೆ ಫಾಂಟನ್ನು ಗುರುತಿಸುವುದು ಹೇಗೆ? ಸೀರೆಯ ಹಾಗೆಯೇ. ಒಡಲನ್ನು ನೋಡಿದರೆ ಗೊತ್ತಾಗುವುದಿಲ್ಲ, ಅಂಚು ಸೆರಗು ನೋಡಬೇಕು. ಎಲ್ಲ ಫಾಂಟುಗಳಲ್ಲೂ ಒಂದೇ ಥರ ಕಾಣುವ ಅಕ್ಷರಗಳನ್ನು ಬಿಟ್ಟು, ರೂಪಿಸಿದವರ ಕೈ ಎದ್ದು ಕಾಣುವ ಅಕ್ಷರಗಳನ್ನು ಹಿಡಿಯಬೇಕು. ಇಂಗ್ಲಿಷಿನಲ್ಲಿ ಸಣ್ಣ ‘ಜಿ’ಯ ಬಾಲ, ದೊಡ್ಡ ‘ಆರ್’ನ ಕಾಲು, ‘ಕ್ಯೂ’ನ ಕೊಕ್ಕೆ ಇವು ಸುಳಿವು ಕೊಡುತ್ತವೆ. ಕನ್ನಡದಲ್ಲಿ ತಲೆಕಟ್ಟಿನ ತುದಿ ಮೇಲಕ್ಕೆ ಚಿಮ್ಮಿದೆಯೇ ಇಲ್ಲ ಮೊಂಡಾಗಿ ನಿಂತಿದೆಯೇ, ಗುಡಿಸಿನ ಸುಳಿ ಎಷ್ಟು ಅಗಲ, ಗೆರೆ ಎಲ್ಲ ಕಡೆ ಒಂದೇ ದಪ್ಪವೋ ಅಥವಾ ಬರುಬರುತ್ತಾ ತೆಳ್ಳಗಾಗುತ್ತದೋ, ಒತ್ತಕ್ಷರ ಕೆಳಗೆ ಇಳಿದಿದೆಯೋ ಪಕ್ಕಕ್ಕೆ ಸರಿದಿದೆಯೋ ಎಂದು ನೋಡಬೇಕು. ಆಮೇಲೆ ಅನುಮಾನ ಬಂದ ಫಾಂಟಿನಲ್ಲಿ ಅದೇ ಪದವನ್ನು ಬರೆದು, ಹಳೆಯ ಚಿತ್ರದ ಮೇಲೆ ಅರ್ಧ ಪಾರದರ್ಶಕವಾಗಿ ಇಟ್ಟು, ಅಳತೆ ಹೊಂದಿಸಬೇಕು. ರವಿಕೆಯ ಮೇಲೆ ಅಳತೆ ರವಿಕೆ ಇಟ್ಟ ಹಾಗೆ. ಎಲ್ಲ ಬಾಗುಗಳೂ ಕೂಡಿಬಂದರೆ ಅದೇ ಫಾಂಟ್. ಒಂದೇ ಒಂದು ಅಕ್ಷರ ಕೂಡದಿದ್ದರೆ ಎದೆಗುಂದಬಾರದು. ಲಾಂಛನ ಮಾಡಿದವರು ಆ ಅಕ್ಷರವನ್ನು ಬೇಕೆಂದೇ ತಿದ್ದಿರಬಹುದು. ಇಂಗ್ಲಿಷ್ ಅಕ್ಷರದ ಚಿತ್ರ ಕೊಟ್ಟರೆ ಹೊಂದುವ ಫಾಂಟನ್ನು ಹುಡುಕಿಕೊಡುವ ಜಾಲತಾಣಗಳಿವೆ. ಕನ್ನಡಕ್ಕೆ, ನನ್ನ ಅನುಭವದಲ್ಲಿ, ಕಣ್ಣಿಗಿಂತ ಒಳ್ಳೆಯ ಯಂತ್ರ ಇನ್ನೂ ಸಿಕ್ಕಿಲ್ಲ.

ಇಷ್ಟು ಕಷ್ಟಪಟ್ಟ ಮೇಲೆ ಒಂದು ಕಡೆ ಎಡವುತ್ತೇವೆ. ಡಿಟಿಪಿ ಅಂಗಡಿಯಲ್ಲಿ ‘ಕರ್ವ್ ಮಾಡಿ ಕೊಡಿ’ ಎನ್ನುತ್ತಾರೆ. ಅಂದರೆ ಅಕ್ಷರವನ್ನು ಬರಿಯ ಗೆರೆಯಾಗಿಸಿ ಕೊಡಿ ಎಂದು. ಹಾಗೆ ಮಾಡಿದರೆ ಬೇರೆ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಚಿತ್ರ ಕೆಡುವುದಿಲ್ಲ. ನುಡಿ ಫಾಂಟಿನಲ್ಲಿ ಬರೆದ ಹಳೆಯ ಕಡತವನ್ನು ಆ ಫಾಂಟ್ ಇಲ್ಲದ ಕಡೆ ತೆರೆದು, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡು ಕಂಗಾಲಾದವರಿಗೆ ಇದರ ಬೆಲೆ ಗೊತ್ತು. ಆದರೆ ಕರ್ವ್ ಆದ ಕ್ಷಣದಿಂದ ಅಕ್ಷರ ತನ್ನ ಹೆಸರನ್ನು ಮರೆಯುತ್ತದೆ. ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿ, ಅಂದಿನಿಂದ ತವರಿನ ಹೆಸರಿನಲ್ಲಿ ಯಾರೂ ಕರೆಯದೆ ಹೋದ ಹೆಣ್ಣುಮಕ್ಕಳು ನಮ್ಮ ಅಜ್ಜಿಯರ ಕಾಲದಲ್ಲಿ ಎಷ್ಟು ಮಂದಿ ಇರಲಿಲ್ಲ? ಹಾಗೆಯೇ ಇದು. ಅದಕ್ಕೇ ಕರ್ವ್ ಮಾಡುವ ಮೊದಲು ಫಾಂಟಿನ ಹೆಸರನ್ನು, ಅದನ್ನು ಮಾಡಿದವರ ಹೆಸರನ್ನು ಕಡತದ ಜೊತೆಯಲ್ಲೇ ಬರೆದಿಡಿ ಎನ್ನುತ್ತೇನೆ.

ಮಾಡಿದವರ ಹೆಸರು ಯಾಕೆ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಏರಿಯಲ್ ಎಂಬ ಫಾಂಟನ್ನು ನೋಡದವರಿಲ್ಲ. ಬ್ಯಾಂಕಿನ ಕಾಗದದಿಂದ ಹಿಡಿದು ಶಾಲೆಯ ಸುತ್ತೋಲೆಯವರೆಗೆ ಅದೇ. ಅದನ್ನು 1982ರಲ್ಲಿ ರೂಪಿಸಿದ ಇಬ್ಬರಲ್ಲಿ ಒಬ್ಬರು ಪೆಟ್ರಿಷಿಯಾ ಸಾಂಡರ್ಸ್ ಎಂಬ ಹೆಂಗಸು. ಎಷ್ಟು ಜನರಿಗೆ ಗೊತ್ತು? ಇಂಗ್ಲೆಂಡಿನ ಸಾಲ್ಫರ್ಡ್ಸ್ ಎಂಬಲ್ಲಿ ಮೋನೋಟೈಪ್ ಕಂಪನಿಯ ಅಕ್ಷರ ಬರೆಯುವ ಕಚೇರಿಯಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಜಗತ್ತು ಓದಿದ ಎಷ್ಟೋ ಅಚ್ಚಿನ ಅಕ್ಷರಗಳ ನಕ್ಷೆಯನ್ನು ಅಲ್ಲಿ ಕೂತು ಬರೆದವರಲ್ಲಿ ಬಹುಪಾಲು ಎಳೆಯ ಹುಡುಗಿಯರು. ಪುಸ್ತಕಗಳಲ್ಲಿ ಉಳಿದದ್ದು ದೊಡ್ಡ ಗಂಡಸರ ಹೆಸರು. ಇಂಗ್ಲೆಂಡಿನದೇ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಫಿಯೋನಾ ರಾಸ್ ಮತ್ತು ಅವರ ಜೊತೆಯವರು ಆ ಹೆಣ್ಣುಮಕ್ಕಳ ಕೆಲಸವನ್ನು ಹುಡುಕಿ ದಾಖಲಿಸಲು ಹೊರಟದ್ದು ತೀರ ಈಚೆಗೆ, 2018ರಲ್ಲಿ. ನಮ್ಮಲ್ಲೂ ಇಂಥ ಕೈಗಳಿವೆ. ಬಾಲೂ ತಮ್ಮ ಎಂಬ ದುಂಡು ದುಂಡಾದ ಕನ್ನಡ ಫಾಂಟನ್ನು ಪೋಸ್ಟರುಗಳಲ್ಲಿ, ಜಾಹೀರಾತುಗಳಲ್ಲಿ ನೀವು ನೋಡಿರುತ್ತೀರಿ. ಅದರ ಹಿಂದೆ ದಿವ್ಯಾ ಕೌಶಿಕ್ ಎಂಬ ಹೆಣ್ಣುಮಗಳ ಕೈಯಿದೆ. ಫಾಂಟನ್ನು ಗುರುತಿಸುವುದೆಂದರೆ ಈ ಕೈಗಳನ್ನು ಗುರುತಿಸುವುದು.

ಇನ್ನು ಬೀಗದ ವಿಷಯ. ವಿಕಿಪೀಡಿಯದ ಹಳೆಯ ಲಾಂಛನದಲ್ಲಿ ಗೋಳದ ಕೆಳಗಿನ ಇಂಗ್ಲಿಷ್ ಹೆಸರನ್ನು ಬರೆದದ್ದು ಹೋಫ್ಲರ್ ಟೆಕ್ಸ್ಟ್ ಎಂಬ ಫಾಂಟಿನಲ್ಲಿ. ಜೊನಾಥನ್ ಹೋಫ್ಲರ್ 1991ರಲ್ಲಿ ಆಪಲ್ ಕಂಪನಿಗಾಗಿ ರೂಪಿಸಿದ್ದು ಅದು. ನಿಜವಾಗಿಯೂ ಚೆಲುವಾದ ಅಕ್ಷರ. ಆದರೆ ಅದು ಆಪಲ್ ಕಂಪ್ಯೂಟರಿನ ಜೊತೆ ಬರುವ ಅಕ್ಷರ. ಎಲ್ಲರದು ಎನ್ನುವ ಮನೆಯ ಬಾಗಿಲಿನ ಮೇಲಿನ ಹೆಸರನ್ನು ಎಲ್ಲರೂ ಬರೆಯುವ ಹಾಗಿರಲಿಲ್ಲ. 2010ರಲ್ಲಿ ಲಾಂಛನವನ್ನು ಮತ್ತೆ ಬರೆದಾಗ ಹೆಸರನ್ನು ಲಿನಕ್ಸ್ ಲಿಬರ್ಟೈನ್ ಎಂಬ ಮುಕ್ತ ಫಾಂಟಿಗೆ ಬದಲಾಯಿಸಿದರು. ಫಿಲಿಪ್ ಪೋಲ್ ಎಂಬುವರು 2003ರಲ್ಲಿ ಶುರು ಮಾಡಿದ ಈ ಫಾಂಟನ್ನು ಯಾರು ಬೇಕಾದರೂ ಬಳಸಬಹುದು, ಬೇಕಾದರೆ ತಿದ್ದಲೂಬಹುದು.

ಅಲ್ಲೊಂದು ತೊಡಕು ಬಂತು. ವಿಕಿಪೀಡಿಯದ ದೊಡ್ಡ ‘ಡಬ್ಲ್ಯು’ ಅಕ್ಷರದಲ್ಲಿ ನಡುವಿನ ಎರಡು ಗೆರೆಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗುತ್ತವೆ. ಜಡೆ ಹೆಣೆದ ಹಾಗೆ. ಅದೇ ಅದರ ಗುರುತು. ಲಿಬರ್ಟೈನಿನ ‘ಡಬ್ಲ್ಯು’ನಲ್ಲಿ ಆ ಗೆರೆಗಳು ನಡುವೆ ಕೂಡಿಕೊಂಡು ನಿಲ್ಲುತ್ತಿದ್ದವು. ಬೀಗ ಹಾಕಿದ ಫಾಂಟಾಗಿದ್ದರೆ ಇಲ್ಲಿಗೆ ಕೈ ಚೆಲ್ಲಬೇಕಿತ್ತು. ಇದು ಮುಕ್ತವಾಗಿದ್ದರಿಂದ ಹೆಣೆದ ‘ಡಬ್ಲ್ಯು’ ಒಂದನ್ನು ಫಾಂಟಿನೊಳಗೇ ಹೊಸದಾಗಿ ಸೇರಿಸಿದರು. ನೋಡಿ, ಲಾಂಛನ ಫಾಂಟಿನಿಂದ ಅಕ್ಷರ ಪಡೆಯಿತು, ಫಾಂಟು ಲಾಂಛನದಿಂದ ಅಕ್ಷರ ಪಡೆಯಿತು. ಅಕ್ಕಪಕ್ಕದ ಮನೆಯವರು ಹೆಪ್ಪು ಕೊಟ್ಟು ತೆಗೆದುಕೊಂಡ ಹಾಗೆ.

ಎಲ್ಲರೂ ಹೀಗೆ ಮಾಡಿಲ್ಲ. ಡೆಬಿಯನ್ ಎಂಬ ಮುಕ್ತ ತಂತ್ರಾಂಶದ ದೊಡ್ಡ ಯೋಜನೆಯೊಂದಿದೆ. 1993ರಲ್ಲಿ ಇಯಾನ್ ಮರ್ಡಾಕ್ ಅದನ್ನು ಶುರು ಮಾಡಿದಾಗ ತನ್ನ ಗೆಳತಿ ಡೆಬ್ರಾಳ ಹೆಸರನ್ನು ಮೊದಲಿಗಿಟ್ಟು, ತನ್ನದನ್ನು ಹಿಂದಿಟ್ಟು ‘ಡೆಬಿಯನ್’ ಎಂದು ಕರೆದ. ಹೆಣ್ಣಿನ ಹೆಸರು ಮೊದಲು ಬಂದದ್ದಕ್ಕೆ ನನಗೆ ಆ ಯೋಜನೆಯ ಮೇಲೆ ಪ್ರೀತಿ. ತಂತ್ರಾಂಶಕ್ಕೆ ಬೀಗ ಇರಬಾರದು ಎನ್ನುವುದರಲ್ಲಿ ಅವರಷ್ಟು ಮಡಿವಂತರು ಕಡಿಮೆ. ಆದರೆ ಅವರ ಲಾಂಛನದ ಹೆಸರನ್ನು ಬರೆದ ಫಾಂಟ್ ಪೊಪ್ಪಲ್ ಲೌಡಾಟಿಯೋ. ಜರ್ಮನಿಯ ಲಿಪಿಕಾರ ಫ್ರೀಡ್ರಿಕ್ ಪೊಪ್ಪಲ್ ರೂಪಿಸಿದ, ಹಣ ಕೊಟ್ಟು ಕೊಳ್ಳಬೇಕಾದ ಫಾಂಟ್. ಅಡುಗೆಮನೆಯಲ್ಲಿ ಅಷ್ಟು ಮಡಿ ಮಾಡಿ, ಬಾಗಿಲ ತೋರಣವನ್ನು ಬಾಡಿಗೆಗೆ ತಂದ ಹಾಗಾಯಿತು.

ಹಾಗೆಂದರೆ ಕೆಲವರು ನನ್ನ ಮೇಲೆ ಏರಿ ಬರುತ್ತಾರೆ. ‘ಫಾಂಟ್ ಮಾಡುವವರಿಗೆ ಹೊಟ್ಟೆಯಿಲ್ಲವೇ? ದುಡ್ಡು ತೆಗೆದುಕೊಂಡರೆ ತಪ್ಪೇ?’ ಖಂಡಿತ ತಪ್ಪಲ್ಲ. ನೇಯುವವನಿಗೆ ಕೂಲಿ ಕೊಡದೆ ಸೀರೆ ಉಡುವವಳು ನಾನಲ್ಲ. ಅಂಗಡಿಯ, ಕಂಪನಿಯ ಲಾಂಛನಕ್ಕೆ ಹಣ ಕೊಟ್ಟು ಒಳ್ಳೆಯ ಫಾಂಟ್ ಕೊಳ್ಳಲಿ. ಕದ್ದ ಫಾಂಟಿನಲ್ಲಿ ‘ಪ್ರಾಮಾಣಿಕ ಸೇವೆ’ ಎಂದು ಬರೆಸುವುದಕ್ಕಿಂತ ಅದು ಎಷ್ಟೋ ಮೇಲು. ನನ್ನ ತಕರಾರು ‘ನಮ್ಮದು ಎಲ್ಲರದು’ ಎನ್ನುವವರ ಜೊತೆ ಮಾತ್ರ. ಹಾಗೆ ಹೇಳಿದ ಮೇಲೆ ಮುಖದ ಮೇಲಿನ ಅಕ್ಷರವೂ ಎಲ್ಲರದಾಗಿರಬೇಕು. ಇನ್ನು ಕೆಲವರು, ‘ಹಾಗೆ ಎಲ್ಲರಿಗೂ ಬಿಟ್ಟುಕೊಟ್ಟರೆ ಲಾಂಛನವನ್ನು ಕಳ್ಳರು ಬಳಸುವುದಿಲ್ಲವೇ?’ ಎನ್ನುತ್ತಾರೆ. ಅದಕ್ಕೆ ಟ್ರೇಡ್‌ಮಾರ್ಕ್ ಕಾನೂನಿದೆ. ವಿಕಿಪೀಡಿಯದವರು 2014ರಲ್ಲಿ ತಮ್ಮ ಲಾಂಛನವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟರು, ಟ್ರೇಡ್‌ಮಾರ್ಕನ್ನು ಉಳಿಸಿಕೊಂಡರು. ಅವರ ಹೆಸರಿನಲ್ಲಿ ಮೋಸ ಮಾಡಿದರೆ ಕೇಳುವವರಿದ್ದಾರೆ. ಅವರ ಲಾಂಛನವನ್ನು ಚೊಕ್ಕವಾಗಿ ಮತ್ತೆ ಬರೆದರೆ ಬೇಡ ಎನ್ನುವವರಿಲ್ಲ. ಎರಡೂ ಒಟ್ಟಿಗೆ ಸಾಧ್ಯ.

ಕನ್ನಡಕ್ಕೂ ಈಗ ಬಡತನದ ನೆಪ ಹೇಳುವ ಹಾಗಿಲ್ಲ. ನೋಟೋ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು, ಬೆಣ್ಣೆ, ಹುಬ್ಬಳ್ಳಿ ಎಂದು ಹೆಸರು ಕೇಳಿದರೇ ಮುದ್ದು ಬರುವ ಎಷ್ಟೋ ಮುಕ್ತ ಫಾಂಟುಗಳಿವೆ. ದುಡ್ಡು ಬೇಕಿಲ್ಲ, ಅವುಗಳಲ್ಲಿ ಒಂದನ್ನು ಆರಿಸುವ ಕಣ್ಣು ಬೇಕು.

ಆದ್ದರಿಂದ ಗೆಳತಿಯರೇ, ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಗೆಳೆಯರೊಂದಿಗೆ ಸೇರಿ ಒಂದು ತಂತ್ರಾಂಶ ಮಾಡಿ ಅದಕ್ಕೊಂದು ಲಾಂಛನ ತೋರಿಸಿದರೆ, ‘ಚೆನ್ನಾಗಿದೆ ಮರೀ’ ಎಂದು ತಲೆ ಸವರಿ ಒಳಗೆ ಹೋಗಬೇಡಿ. ನಿಮ್ಮ ಮಹಿಳಾ ಮಂಡಳಿ, ಸ್ವಸಹಾಯ ಸಂಘ ಹೊಸ ಲಾಂಛನ ಮಾಡಿಸಿದರೂ ಅಷ್ಟೇ. ಮೂರು ಪ್ರಶ್ನೆ ಕೇಳಿ. ಇದು ಯಾವ ಫಾಂಟ್, ಮಾಡಿದವರು ಯಾರು? ಬೇರೆಯವರು ಇದನ್ನು ಬಳಸಬಹುದೇ? ವೆಕ್ಟರ್ ಕಡತ ಎಲ್ಲಿದೆ? ಈ ಮೂರಕ್ಕೂ ಉತ್ತರವನ್ನು ಒಂದು ಹಾಳೆಯಲ್ಲಿ ಬರೆಸಿ, ನಡಾವಳಿ ಪುಸ್ತಕಕ್ಕೆ ಅಂಟಿಸಿ. ಉತ್ತರ ಕೊಡಲು ತಡವರಿಸಿದರೆ ಹಣ ಕೊಡುವುದನ್ನು ಒಂದು ವಾರ ತಡೆಯಿರಿ. ಉತ್ತರ ತಾನಾಗಿ ಬರುತ್ತದೆ.

ಇಷ್ಟು ಕೇಳಿದರೆ ‘ಈ ಹೆಂಗಸರದು ಅತಿಯಾಯಿತು’ ಎಂದು ಗೊಣಗುತ್ತಾರೆ. ಗೊಣಗಲಿ. ಗೊಣಗಿದ ಮೇಲೆ ಆ ಹಾಳೆಯನ್ನು ಒಂದು ಪ್ರತಿ ಮಾಡಿ ಅವರಿಗೂ ಕೊಡಿ. ಐದು ವರ್ಷದ ಮೇಲೆ ಹತ್ತು ಅಡಿಯ ಬ್ಯಾನರ್ ಬೇಕಾದಾಗ ಅವರು ಹುಡುಕುವುದು ಅದನ್ನೇ.